ಡಬ್ಬಿಯೊಳಗಿನ ಚೀಟಿ

ಬೆಳಗಾವಿಯ ಫಡ್ನೀಸರೆ,
ಹಳೇಬೀಡಿನಿಂದ ನಮಸ್ಕಾರ.
ಡಬ್ಬಿಯನ್ನು ಮೊದಲು ನೆಲಕ್ಕಿಡಿ, ಮೇಜಿನ ಮೇಲೆ ಬೇಡ.
ಮೇಲಿನ ಪದರ ರಾಗಿಹುಲ್ಲು, ಕೆಳಗೆ ಹಳೇ ಪೇಪರು,
ಅದರೊಳಗೆ ಬಾಳೆನಾರು,
ನಾರೊಳಗೆ ಹತ್ತೊಂಬತ್ತನೆಯವರು,
ತಕ್ಕಡಿ ರಿಪೇರಿಯ ಗೌಸ್ ಸಾಬರು.
ಗೇಣುದ್ದವೂ ಇಲ್ಲ.
ಅಂಗಾತ ಇಟ್ಟಿಲ್ಲ, ಬೋರಲೂ ಇಟ್ಟಿಲ್ಲ,
ಜ್ವರದ ಮಗುವಿನಂತೆ ಒಂದು ಮಗ್ಗುಲಾಗಿ ಮಲಗಿಸಿದ್ದೇನೆ.

ಕೈಯಲ್ಲಿರುವ ತಕ್ಕಡಿಯ ಸರಪಳಿ ಕಲ್ಲಿನದೇ.
ಹನ್ನೊಂದು ಕೊಂಡಿ, ಒಂದಕ್ಕೊಂದು ಅಂಟಿಲ್ಲ.
ಎಣಿಸಿ. ಎಳೆಯಬೇಡಿ.

ಎಣ್ಣೆ ಹಚ್ಚಬೇಡಿ, ಇವರು ದೇವರಲ್ಲ.
ಹಾಸನದ ಮಂಡಿಯಲ್ಲಿ ಆಲೂಗೆಡ್ಡೆ ಆರಿಸುವ ದ್ಯಾವೀರಮ್ಮನಿಗೆ,
ಅದೇ ನಿಮ್ಮ ಮೂರನೆಯವಳಿಗೆ,
ಮನೆಯವರು ದಿನಾ ಹೂವಿಡುತ್ತಾರೆ ಎಂದು ಬರೆದಿದ್ದಿರಿ.
ಅವಳಿಗೆ ಹೇಳಿದೆ.
‘ಹೂವ ಅವ್ರೇ ಮಡೀಕಳ್ಳಿ, ಕೂಲಿ ಹತ್ರೂಪಾಯಿ
ಏರ್ಸಾಕೆ ಹೇಳು’ ಅಂದಳು.

ಕಲ್ಲು ಯಾವುದು ಎಂದು ಕೇಳಿದ್ದಿರಿ. ಬಳಪದ ಕಲ್ಲು.
ನೆಲ ಬಿಡುವಾಗ ಸೋಪಿನ ಹಾಗೆ,
ಗಾಳಿ ಕುಡಿದಷ್ಟೂ ಗಟ್ಟಿ.
ಅಣ್ಣ ಅದನ್ನು ಕೊಳ್ಳುವುದಿಲ್ಲ.
ದೊಡ್ಡ ಶೆಡ್ಡುಗಳಲ್ಲಿ ಗಣಪತಿಯ ಕಂಕುಳಿಂದ,
ಲಕ್ಷ್ಮಿಯ ಮೊಣಕಾಲ ಸಂದಿಯಿಂದ
ಉದುರಿದ ಚೂರುಗಳನ್ನು ಸಂಜೆ ಗೋಣಿಯಲ್ಲಿ ತರುತ್ತಾನೆ.
ದೇವರು ಆಗುವಾಗ ಬೇಡವೆಂದು ಬಿಟ್ಟಿದ್ದರಲ್ಲಿ
ನಮ್ಮ ಬಸ್ ಸ್ಟ್ಯಾಂಡು ಪೂರಾ ಇದೆ:
ಪಂಕ್ಚರ್ ಅಂಗಡಿಯ ಬಾಷು,
ಕಡಲೆಕಾಯಿ ಬುಟ್ಟಿಯ ಮೇಲೆ ತೂಕಡಿಸುವ ಹುಡುಗ,
ಛತ್ರಿಯ ತುದಿಯಿಂದ ಮೇಲೆ ತೋರಿಸುವ ಗೈಡು ಶಂಭುಲಿಂಗ.
ಏನು ತೋರಿಸುತ್ತಿದ್ದಾನೆ ಎಂದು ಕೇಳಬೇಡಿ,
ಗುಡಿ ಡಬ್ಬಿಯಲ್ಲಿ ಹಿಡಿಸಲಿಲ್ಲ.

ಈಗ ನಿಮ್ಮ ನಾಲ್ಕು ಕಾಗದಗಳ ಒಂದೇ ಪ್ರಶ್ನೆ.
ಆರು ಇದೆ, ಎಂಟು ಇದೆ, ಏಳು ಎಲ್ಲಿ?
ಕಪಾಟಿನಲ್ಲಿ ಜಾಗ ಬಿಟ್ಟಿದ್ದೀರಂತೆ,
ಅಲ್ಲಿ ದೂಳು ಒರೆಸುತ್ತೀರಂತೆ.
ಎರಡರಷ್ಟು ಕೊಡುತ್ತೇನೆಂದಿರಿ. ಆಮೇಲೆ ಮೂರರಷ್ಟು.
ಮುರಿಯಿತೇ, ಬೇರೆಯವರಿಗೆ ಮಾರಿದಿರೇ ಎಂದೂ ಕೇಳಿದಿರಿ.

ಮಾರಿಲ್ಲ. ಏಳು ನಾನು.

ಮೌನಾಚಾರಿಯ ತಂಗಿ, ಕಟ್ಟುವವಳು.
ಆರನೆಯದು ಮುಗಿದ ಸಂಜೆ ಅಣ್ಣ ಕರೆದ,
‘ಬಾಮ್ಮಿ, ಒಂದ್ಗಳಿಗೆ ಕೂತ್ಕ.’
ಕೂತೆ. ಉಳಿ ಹಿಡಿದ.
ಮೂಗು ಬಂತು, ಸೆರಗು ಬಂತು, ಅವ್ವನಂಥ ಹಣೆಯೂ ಬಂತು.
ಕೈಗೆ ಬಂದಾಗ ನನಗೆ ತಿಳಿಯದೆ
ಪಕ್ಕದ ಹುರಿಯುಂಡೆ ಬಿಡಿಸುತ್ತಿದ್ದೆ.
‘ಕೈ ನಿಲ್ಲುಸ್ತೀಯೇನೆ?’ ಅಂದ.
ನಿಲ್ಲಿಸಿದೆ.
ಆಗ ಅವನೇ ತಲೆಯಾಡಿಸಿ,
‘ಇದು ನಿನ್ ಕೈಯಲ್ಲ’ ಅಂದು ಉಳಿ ಕೆಳಗಿಟ್ಟ.
ಮಾರನೇ ದಿನ ಎಂಟನೆಯದರ ಪಾದಕ್ಕೆ ಎಂಟು ಎಂದೇ ಕೊರೆದ.
ನಾನೂ ಕೇಳಲಿಲ್ಲ.

ಕೈಯಿಲ್ಲದ ನಾನು ಈಗ
ರಸೀದಿ ಹಾರದಂತೆ ಅದರ ಮೇಲೆ ಕೂತಿದ್ದೇನೆ.
ಕೆಲಸಕ್ಕೆ ಬರುತ್ತೇನೆ.

ಇದು ಕೆತ್ತಿದವರು ಗೋಡೆಯ ಬುಡದಲ್ಲಿ
ಹೆಸರು ಬರೆದುಕೊಂಡ ಊರು.
ಬಾಲ್ಯದಲ್ಲಿ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ
ಓದಲು ಬಾರದೆ ನನ್ನ ಹೆಸರೇ ಅಂದುಕೊಳ್ಳುತ್ತಿದ್ದೆ.
ಆ ಕಲ್ಲುಗಳನ್ನು ಎತ್ತುಗಾಡಿಗೆ ಹುಲ್ಲು ಹಾಸಿ,
ಮೂಗು ಮುಕ್ಕಾಗದಂತೆ ಹಗ್ಗ ಬಿಗಿದು ತಂದವರು ಯಾರೋ.
ಅವರ ಗಂಟನ್ನು ಬಿಚ್ಚಿದ ಮೇಲೆ ತಾನೇ ಗುಡಿ?

ಅದಕ್ಕೇ ಹೇಳುವುದು, ಫಡ್ನೀಸರೆ,
ಡಬ್ಬಿಯ ಹುರಿಗೆ ಕತ್ತರಿ ಹಾಕಬೇಡಿ.
ಎಡಕ್ಕೊಂದು ಕುಣಿಕೆ, ಅದರ ಕೆಳಗೆ ಇನ್ನೊಂದು,
ಮೋಟು ತುದಿಯನ್ನು ಎಳೆದರೆ ತಾನೇ ಸಡಿಲುತ್ತದೆ.
ಹದಿನೆಂಟು ಸಲ ಬಂದಿದೆ ನಿಮ್ಮ ಮನೆಗೆ.
ಬೇಕಿದ್ದರೆ ಇದೊಂದನ್ನು ಬಿಚ್ಚದೆ
ಆ ಖಾಲಿ ಜಾಗದಲ್ಲಿಡಿ.
ಆದರೆ ಸಾಬರು ಒಳಗೇ ಉಳಿಯುತ್ತಾರೆ.
ನೀವೇ ಯೋಚಿಸಿ.

ಹದಿನೇಳನೆಯದರ ಪಾರ್ಸೆಲ್ ಖರ್ಚು
ಎಂಬತ್ತು ರೂಪಾಯಿ ಇನ್ನೂ ಬಾಕಿ.
ಇಂತಿ,
ವಿಶಾಲಾಕ್ಷಿ.